ಮೊದಲು ಬೆನ್ನು ನೋಡಿ

ಚಿಕ್ಕಬಾಣಾವರದ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಸಂಜೆ ಬರುವವರಲ್ಲಿ ಹೆಚ್ಚಿನವರು ಪೀಣ್ಯದಲ್ಲಿ ಕೆಲಸ ಮುಗಿಸಿ ಬಂದವರು. "ರಟ್ಟೆ ಎತ್ತಕ್ಕಾಗ್ತಿಲ್ಲ ಸಾರ್" ಅಂತಲೇ ಒಳಗೆ ಬರುತ್ತಾರೆ. ಅವರಿಂದ ಕಲಿತದ್ದು ಇದು.

1. ಅಂಗಿ ಬಿಚ್ಚಿಸದೆ ಹೆಗಲು ಪರೀಕ್ಷಿಸಬೇಡಿ. ಹೆಂಗಸರಿಗೆ ಹಿಂದೆ ತೆರೆಯುವ ಗೌನು ಕೊಡಿ. ಪೌಡರ್ ಕೋಟಿಂಗ್ ಕೆಲಸದ ಹುಡುಗನೊಬ್ಬನಿಗೆ ಮೂರು ವಾರ ಬರೀ ತೋಳಿಗೆ ಚಿಕಿತ್ಸೆ ಕೊಟ್ಟೆ. ನಾಲ್ಕನೇ ವಾರ ಬನಿಯನ್ ತೆಗೆಸಿ, ಗೋಡೆಗೆ ಅಂಗೈ ಒತ್ತಲು ಹೇಳಿದೆ. ಬಲಗಡೆ ಹೆಗಲೆಲುಬಿನ ಒಳಅಂಚು ರೆಕ್ಕೆಯ ಹಾಗೆ ಎದ್ದು ನಿಂತಿತು. ಅದರಡಿ ನನ್ನ ಬೆರಳ ತುದಿ ತೂರುವಷ್ಟು ಸಂದು. ಆ ಮೂಳೆಯನ್ನು ಪಕ್ಕೆಲುಬುಗಳಿಗೆ ಒತ್ತಿ ಹಿಡಿಯುವ ಸೆರೇಟಸ್ ಸ್ನಾಯು ಸೋತಿತ್ತು. ಅದರ ನರ ಕುತ್ತಿಗೆಯಿಂದ ಹೊರಟು ಸ್ನಾಯುವಿನ ಮೇಲ್ಮೈಯಲ್ಲೇ ಇಳಿಯುವುದರಿಂದ ಪೆಟ್ಟಿಗೆ, ಎಳೆತಕ್ಕೆ ಬೇಗ ಸಿಕ್ಕುತ್ತದೆ. ಅಂದೇ ನರತಜ್ಞರಲ್ಲಿಗೆ ಕಳಿಸಿದೆ. ಅವನು ಕಳೆದುಕೊಂಡ ಆ ಮೂರು ವಾರ ಇಂದಿಗೂ ನನ್ನನ್ನು ಕಾಡುತ್ತದೆ.

2. ಹೆಗಲಲ್ಲಿ ನಾಲ್ಕು ಕೀಲು. ತೋಳೆಲುಬಿನ ಗುಂಡು ಹೆಗಲೆಲುಬಿನ ಆಳವಿಲ್ಲದ ಬಟ್ಟಲಲ್ಲಿ ಕೂತಿದೆ. ಕೊರಳೆಲುಬಿನ ಒಂದು ತುದಿ ಹೆಗಲಿಗೆ, ಇನ್ನೊಂದು ಎದೆಮೂಳೆಗೆ ಸೇರಿದೆ. ನಾಲ್ಕನೆಯ ಕಡೆ ಮೂಳೆಗೆ ಮೂಳೆ ಸೇರಿಯೇ ಇಲ್ಲ: ಎರಡರಿಂದ ಏಳನೇ ಪಕ್ಕೆಲುಬಿನ ಮೇಲೆ ಹೆಗಲೆಲುಬು ಸ್ನಾಯುಗಳ ಹಿಡಿತದಲ್ಲೇ ಜಾರುತ್ತದೆ. ಇಡೀ ತೋಳನ್ನು ಮುಂಡದ ಮೂಳೆಗೆ ಕಟ್ಟಿರುವುದು ಎದೆಮೂಳೆಯ ಬಳಿಯ ಆ ಪುಟ್ಟ ಕೀಲೊಂದೇ. ಮೂಟೆ ಹೊರುವವರಿಗೆ ಅದನ್ನು ಮುಟ್ಟಿಸಿ ತೋರಿಸುತ್ತೇನೆ.

3. ಕೈ ನೆತ್ತಿಯ ಮೇಲೆ ಹೋಗುವ 180 ಡಿಗ್ರಿಯಲ್ಲಿ ಸುಮಾರು 120 ಮಾತ್ರ ಗುಂಡುಕೀಲಿನದು. ಉಳಿದ 60 ಹೆಗಲೆಲುಬು ತಿರುಗಿ ಕೊಡುವುದು. 1944ರಲ್ಲಿ ಸಂಶೋಧಕ ಇನ್ಮನ್ ಮತ್ತು ಸಂಗಡಿಗರು ವಿವರಿಸಿದ ಈ ಲೆಕ್ಕ ಆಳಿಂದಾಳಿಗೆ ಒಂದಿಷ್ಟು ಬದಲಾಗುತ್ತದೆ. ಎರಡೂ ಹೆಗಲೆಲುಬಿನ ಕೆಳತುದಿಗೆ ಹೆಬ್ಬೆರಳಿಟ್ಟು ಕೈ ಎತ್ತಿಸಿ ಇಳಿಸಿ. ಇಳಿಸುವಾಗ ಗಮನವಿರಲಿ, ಸೋತ ಕಡೆ ಮೂಳೆ ತಟ್ಟನೆ ಜಾರುವುದು ಆಗಲೇ.

4. ಮೊಣಕೈ ಪಕ್ಕೆಗೆ ಅಂಟಿಸಿ ಮುಂಗೈ ಹೊರಕ್ಕೆ ತಿರುಗದಿದ್ದರೆ, ನೀವೇ ತಿರುಗಿಸಿದರೂ ಬಾರದಿದ್ದರೆ, ಸಕ್ಕರೆ ಕಾಯಿಲೆ ಇದೆಯೇ ಕೇಳಿ. ಅದಿರುವವರಲ್ಲಿ ಹೆಗಲು ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಹೆಚ್ಚು.

5. ವ್ಯಾಯಾಮ ಒಂದೇ ಇರಲಿ. ಗಾರ್ಮೆಂಟ್ಸ್‌ನ ಅಕ್ಕ ಒಬ್ಬರಿಗೆ ಹತ್ತು ಬರೆದುಕೊಟ್ಟಿದ್ದೆ. "ಮನೆಗೋಗಿ ನೀರು ಹಿಡೀಬೇಕು, ಮುದ್ದೆ ತಿರುವ್ಬೇಕು, ಇದ್ಯಾವಾಗ ಸಾರ್?" ಅಂದರು. ಒಂಬತ್ತನ್ನು ಹೊಡೆದುಹಾಕಿದೆ. ಟೀ ಬಿಡುವಿನಲ್ಲಿ ಗೋಡೆಗೆ ಅಂಗೈಯಿಟ್ಟು, ಮೊಣಕೈ ಮಡಚದೆ, ಎದೆಯನ್ನು ಗೋಡೆಯಿಂದ ದೂರ ತಳ್ಳುವುದು, 15 ಸಲ. ಎರಡು ತಿಂಗಳಾದ ಮೇಲೆ ಬಂದು, ಅಟ್ಟದ ಮೇಲಿನ ರಾಗಿ ಹಿಟ್ಟಿನ ಡಬ್ಬ ತಾವೇ ಇಳಿಸಿದ್ದನ್ನು ಕೈಯೆತ್ತಿ ತೋರಿಸಿದರು.