ಅರ್ಥವಾಗದ ಹಾಡಿಗೆ ಅಳು ಏಕೆ?

ಪ್ರಶ್ನೆ: ಮಗಳ ಕಾರಿನಲ್ಲಿ ಹೊರಟಾಗಲೆಲ್ಲ ಹೆಬ್ಬಾಳದ ಜಾಮಿನಲ್ಲಿ ಸ್ಪ್ಯಾನಿಷ್ ವಿರಹಗೀತೆ ಕೇಳಿಸುತ್ತಾಳೆ. ಒಂದಕ್ಷರವೂ ತಿಳಿಯದು. ಆದರೂ ನನಗೆ ಗಂಟಲು ಕಟ್ಟುತ್ತದೆ. ಇದೇನು ಮರುಳು?
– ಓದುಗರೊಬ್ಬರು, ಸಹಕಾರನಗರ

ಉತ್ತರ: ಮರುಳೇನಲ್ಲ. ತ್ಯಾಗರಾಜರ ಕೃತಿಗೆ ತಲೆದೂಗುವ ನಮ್ಮಲ್ಲಿ ಎಷ್ಟು ಜನಕ್ಕೆ ಅದರ ತೆಲುಗು ಪೂರ್ತಿ ತಿಳಿಯುತ್ತದೆ? ಮಾತು ಬಾಗಿಲಲ್ಲಿ ನಿಂತಿರುವಾಗಲೇ ಸ್ವರ ಒಳಗೆ ಹೋಗಿ ಕೂತಿರುತ್ತದೆ.

ನಿಮ್ಮ ಮಗಳು ಕೇಳುವಂಥ ಹಾಡುಗಳಿಗೆ ಅಜ್ಜಿಯೊಬ್ಬಳಿದ್ದಾಳೆ. ಹೆಸರು ಬೊಲೆರೊ, ಜಾಮಿನಲ್ಲಿ ನಿಮ್ಮ ಪಕ್ಕ ನಿಂತ ಜೀಪಲ್ಲ! ಹುಟ್ಟೂರು ಕ್ಯೂಬಾದ ಸಾಂಟಿಯಾಗೊ. ಅಲ್ಲಿನ ದರ್ಜಿ ಪೆಪೆ ಸಾಂಚೆಸ್ 1883ರ ಸುಮಾರಿಗೆ ಕಟ್ಟಿದ ‘ತ್ರಿಸ್ತೇಸಾಸ್’ ಮೊದಲ ಬೊಲೆರೊ ಎನ್ನುತ್ತಾರೆ. ಆ ಹೆಸರಿನ ಅರ್ಥವೇ ‘ದುಃಖಗಳು’. ಮುಂದೆ ಮೆಕ್ಸಿಕೊದ ರೇಡಿಯೊ, ಸಿನಿಮಾಗಳು ಅದನ್ನು ಬೆಳೆಸಿದವು. 1991ರಲ್ಲಿ ಗಾಯಕ ಲೂಯಿಸ್ ಮಿಗೆಲ್ ‘ರೊಮಾನ್ಸೆ’ ಆಲ್ಬಮ್ಮಿನಲ್ಲಿ ಹಳೆಯ ಬೊಲೆರೊಗಳನ್ನು ಹಾಡಿ ಹೊಸ ತಲೆಮಾರಿಗೆ ದಾಟಿಸಿದರು.

ಇನ್ನು ಗಂಟಲು ಕಟ್ಟುವ ವಿಚಾರ. ಇಂಥ ಹಲವು ಹಾಡುಗಳು ‘ಹಾರ್ಮೋನಿಕ್ ಮೈನರ್’ ಎಂಬ ಸ್ವರಶ್ರೇಣಿಯಲ್ಲಿ ಓಡಾಡುತ್ತವೆ. ನಮ್ಮ 21ನೇ ಮೇಳಕರ್ತ ರಾಗ ಕೀರವಾಣಿಯ ಸ್ವರಗಳೂ ಅವೇ. ಬೊಲೆರೊದಲ್ಲಿ ಗಮಕವಿಲ್ಲ, ಗಿಟಾರಿನ ಕಾರ್ಡುಗಳಿವೆ; ಆದ್ದರಿಂದ ರಾಗ ಒಂದೇ ಎನ್ನಲಾಗದು, ಮೆಟ್ಟಿಲುಗಳು ಮಾತ್ರ ಒಂದೇ. ಹಾಡಿಕೊಂಡು ನೋಡಿ: ಶುದ್ಧ ಧೈವತ ಪಂಚಮಕ್ಕೆ ಅಂಟಿಕೊಂಡಿದೆ, ಕಾಕಲಿ ನಿಷಾದ ಮೇಲಿನ ಷಡ್ಜಕ್ಕೆ ಅಂಟಿಕೊಂಡಿದೆ. ಇವೆರಡರ ನಡುವೆ ಹಾರ್ಮೋನಿಯಂನ ಮೂರು ಮನೆಗಳಷ್ಟು ದೂರ. ದನಿ ಅದನ್ನು ದಾಟಿದರೆ ಹಂಬಲ. ದಾಟಲಾರದೆ ಪಂಚಮಕ್ಕೆ ಜಾರಿದರೆ ಬಿಕ್ಕು. ನೊಂದವರು ಮಾತಾಡುವುದೂ ಹಾಗೇ ಅಲ್ಲವೇ? ನಿಧಾನವಾಗಿ, ತಗ್ಗಿದ ದನಿಯಲ್ಲಿ, ಮಾತಿನ ತುದಿ ಇಳಿಸುತ್ತ. ಅದಕ್ಕೆ ದುಭಾಷಿ ಬೇಕಿಲ್ಲ.

ಲಯವೂ ನಿಮಗೆ ಹೊಸದಲ್ಲ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ತಬಲಾ ಪಕ್ಕ ಒಬ್ಬರು ಬೆರಳಲ್ಲಿ ಟಪಟಪ ಬಾರಿಸುವ ಪುಟ್ಟ ಜೋಡಿವಾದ್ಯ ಕಂಡಿರಬೇಕು. ಅದು ಬೊಂಗೊ, ಬೊಲೆರೊಗೂ ಲಯ ಹಿಡಿಯುವ ವಾದ್ಯ. ಅದರ ತವರೂ ಕ್ಯೂಬಾವೇ.

ಆದರೆ ಅಳುವ ರೀತಿ ಬೇರೆ. ಬೊಲೆರೊದ ಪ್ರೇಮಿ ಎದುರಿಗೇ ನಿಂತು ‘ನೀನು’ ಎಂದು ಬೇಡುತ್ತಾನೆ, ದೂರುತ್ತಾನೆ, ಹೋಗಬೇಡವೆಂದು ಗೋಗರೆಯುತ್ತಾನೆ. ನಮ್ಮ ‘ಬಂಧನ’ (1984) ಚಿತ್ರ ನೆನಪಿಸಿಕೊಳ್ಳಿ. ವಿಷ್ಣುವರ್ಧನ್ ಮಾಡಿದ ಡಾಕ್ಟರ್ ಹರೀಶ್ ಒಲಿದವಳು ಇನ್ನೊಬ್ಬನ ಕೈಹಿಡಿದಿದ್ದಾಳೆ. ಎಂ. ರಂಗರಾವ್ ಸಂಗೀತದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ‘ನೂರೊಂದು ನೆನಪು’ ಕೇಳಿ. ಎದೆ ಒಡೆದವನು ದೂರುವುದಿಲ್ಲ, ಅವಳ ಕುಂಕುಮ ಚೆನ್ನಾಗಿರಲೆಂದು ಹರಸುತ್ತಾನೆ. ಬೊಲೆರೊದಲ್ಲಿ ನೋವು ಹೊರಗೆ ಹರಿಯುತ್ತದೆ. ಇಲ್ಲಿ ಅದನ್ನು ನುಂಗಿ ನಗುವವನನ್ನು ಕಂಡು ಕೇಳುವವರ ಕಣ್ಣು ಹರಿಯುತ್ತದೆ.

ಮುಂದಿನ ಸಲ ಮಗಳ ಹಾಡು ಮುಗಿದ ಕೂಡಲೇ ಈ ಹಾಡು ಹಾಕಿಸಿ. ಅವಳೂ ಕಣ್ಣೊರೆಸಿಕೊಂಡರೆ ಯಾಕೆಂದು ಕೇಳಿ, ಅರ್ಥ ಬಿಡಿಸಿ ಹೇಳುವ ಸರದಿ ನಿಮ್ಮದು. ಹೆಬ್ಬಾಳದ ಜಾಮು ಅದಕ್ಕೂ ಸಮಯ ಕೊಡುತ್ತದೆ.