ಹಾಲೂಡಿಸುವ ತಾಯಿಯ ತೂಕ: ಹಿಡುವಳಿದಾರರು ಗಮನಿಸತಕ್ಕ ವಿಷಯಗಳು

ಕರೆಯುವ ಹಸುವಿಗೆ ಅದರ ಮೈಪೋಷಣೆಗೆ ಬೇಕಾದ ಮೇವಲ್ಲದೆ, ಅದು ಕೊಡುವ ಪ್ರತಿ ಎರಡೂವರೆ ಲೀಟರು ಹಾಲಿಗೆ ಸುಮಾರು ಒಂದು ಕಿಲೋ ಹಿಂಡಿ ಬೂಸಾದ ಮಿಶ್ರಣವನ್ನು ಹೆಚ್ಚಾಗಿ ಕೊಡಬೇಕೆಂಬುದು ಹೈನನ್ನು ನಂಬಿರುವ ರೈತರಿಗೆಲ್ಲ ತಿಳಿದ ಮಾತು. ಹಾಗೆ ಕೊಡದಿದ್ದಲ್ಲಿ ಹಸುವು ತನ್ನ ಮೈಯನ್ನೇ ಕರಗಿಸಿ ಕೆಲವು ಕಾಲ ಹಾಲು ಕೊಡುತ್ತದೆ. ಪಕ್ಕೆಲುಬು ಕಾಣಿಸಿದೊಡನೆ ಯಜಮಾನನು ಎಚ್ಚತ್ತು ಹಿಂಡಿಯನ್ನು ಹೆಚ್ಚಿಸುತ್ತಾನೆ. ಇದೇ ನಿಯಮವು ಕೂಸಿಗೆ ಹಾಲೂಡಿಸುವ ತಾಯಿಗೂ ಸಲ್ಲುವುದು. ಆದರೆ ಕೊಟ್ಟಿಗೆಯಲ್ಲಿ ಇಡುವ ಈ ಲೆಕ್ಕವನ್ನು ಅಡಿಗೆಮನೆಯಲ್ಲಿ ಇಡುವವರು ವಿರಳ.

ಹಾಲು ತಾಯಿಯ ಸ್ಥಿತಿಯನ್ನು ತೋರಿಸದು

ತಾಯಿ ಬಡಕಲಾದರೆ ಹಾಲು ಬತ್ತುವುದೆಂದೂ, ಹಾಲು ಇರುವವರೆಗೆ ತಾಯಿಗೆ ಕೊರತೆಯಿಲ್ಲವೆಂದೂ ಜನರು ಭಾವಿಸುವುದುಂಟು. ಇದು ಸರಿಯಲ್ಲ. ಸಾಕಷ್ಟು ಉಣ್ಣದ ತಾಯಿಯಲ್ಲಿಯೂ ಹಾಲಿನ ಪ್ರಮಾಣವು ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ನಷ್ಟವನ್ನು ಹೊರುವುದು ಆಕೆಯ ದೇಹ. ಕೂಸು ಮೈದುಂಬಿ ಆಡುತ್ತಿರುವಾಗಲೇ ತಾಯಿಯು ತಿಂಗಳಿಂದ ತಿಂಗಳಿಗೆ ಇಳಿಯುತ್ತಿರಬಹುದು. ಆದಕಾರಣ ಕೂಸನ್ನು ನೋಡಿ ತಾಯಿಯ ಕ್ಷೇಮವನ್ನು ಊಹಿಸಲಾಗದು. ತಾಯಿಯನ್ನೇ ತೂಗಿ ನೋಡತಕ್ಕದ್ದು.

ಆರು ತಿಂಗಳಾದ ಮೇಲೆ

ಮೊದಲ 6 ತಿಂಗಳು ಕೂಸಿಗೆ ಎದೆಹಾಲೊಂದೇ ಸಾಕು. ಆ ಬಳಿಕ ಮೆತ್ತಗಿನ ಆಹಾರವನ್ನು ಆರಂಭಿಸಿ, 2 ವರ್ಷದವರೆಗೆ ಅಥವಾ ಅದಕ್ಕೂ ಮೇಲೆ ಹಾಲೂಡಿಸುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2020ರಲ್ಲಿ ಗೊತ್ತುಮಾಡಿದ ಪ್ರಕಾರ, ಹಾಲೂಡಿಸುವ ತಾಯಿಗೆ ಮೊದಲ 6 ತಿಂಗಳು ದಿನಕ್ಕೆ 600 ಕ್ಯಾಲೊರಿಯೂ, 7ರಿಂದ 12ನೆಯ ತಿಂಗಳವರೆಗೆ 520 ಕ್ಯಾಲೊರಿಯೂ ಹೆಚ್ಚಾಗಿ ಬೇಕು. ಎಂದರೆ ಕೂಸು ಉಣ್ಣಲು ಕಲಿತ ಮಾತ್ರಕ್ಕೆ ತಾಯಿಯ ಅವಶ್ಯಕತೆಯು ಹೆಚ್ಚೇನೂ ಇಳಿಯುವುದಿಲ್ಲ.

ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯ ಮೂಲಕ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟವು ಏರ್ಪಟ್ಟಿತು. ಆದರೆ ಅಂಗನವಾಡಿಯ ಲೆಕ್ಕದಲ್ಲಿ ಬಾಣಂತಿಯೆಂದು ಎಣಿಸುವುದು ಹೆರಿಗೆಯಾದ 6 ತಿಂಗಳವರೆಗೆ ಮಾತ್ರ. ತವರಿನ ಬಾಣಂತನವು ಅಷ್ಟರೊಳಗೆ ಮುಗಿದಿರುತ್ತದೆ. ಹೆಂಗಸು ಗಂಡನ ಮನೆಗೂ ಹೊಲದ ಕೆಲಸಕ್ಕೂ ಮರಳಿರುತ್ತಾಳೆ. ಊಟದ ಆಸರೆ ತಪ್ಪುವುದೂ ದುಡಿಮೆ ಹೆಚ್ಚುವುದೂ ಏಕಕಾಲದಲ್ಲಿ ಒದಗುವುವು. ತೂಕವು ಇಳಿಯುವ ಅಪಾಯದ ಕಾಲ ಇದೇ.

ಈ ಸೀಮೆಯ ದುಡಿಮೆ

ಶಿಡ್ಲಘಟ್ಟದ ಕಡೆ ರೇಷ್ಮೆಹುಳು ನಾಲ್ಕನೆಯ ಜ್ವರ ಎದ್ದ ಮೇಲೆ, ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕಿ ಆಗಲೇ ತಿನ್ನುತ್ತದೆ. ಆ ವಾರದಲ್ಲಿ ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು, ಹಣ್ಣು ಹುಳುಗಳನ್ನು ಚಂದ್ರಿಕೆಗೆ ಬಿಡುವುದು ಇವುಗಳ ನಡುವೆ ಮನೆಯ ಹೆಂಗಸರಿಗೆ ಉಣ್ಣಲೂ ಹೊತ್ತಿರುವುದಿಲ್ಲ. ಚಿಕ್ಕಬಳ್ಳಾಪುರದ ಹೂವಿನ ತೋಟಗಳಲ್ಲಿ ನಸುಕಿನಲ್ಲೇ ಬಿಡಿಸುವ ಕೆಲಸ. ಚಿಂತಾಮಣಿಯಲ್ಲಿ ಟೊಮೇಟೊ ಕೊಯ್ಲು. ಗೌರಿಬಿದನೂರಿನಲ್ಲಿ ಕಡಲೆಕಾಯಿ ಕೀಳುವುದು, ಮುಸುಕಿನ ಜೋಳದ ಕಟಾವು. ಹಾಲೂಡಿಸುವ ಹೆಂಗಸು ಬರಿಯ ಕಾಫಿ ಕುಡಿದು ಹೊರಟು ಮಧ್ಯಾಹ್ನದವರೆಗೆ ದುಡಿದರೆ, ಆ ಹೊತ್ತಿನ ಹಾಲೂ ದುಡಿಮೆಯೂ ಎರಡೂ ಆಕೆಯ ಮೈಯಿಂದಲೇ ಬಂದಂತಾಗುವುದು.

ಕೊರತೆಯನ್ನು ಹೊಲದಿಂದಲೇ ತುಂಬುವ ಕ್ರಮ

ಹೇಳಿದ 520 ಕ್ಯಾಲೊರಿಗೆ ದುಬಾರಿ ಪುಡಿಗಳು ಬೇಕಿಲ್ಲ. ನಿತ್ಯದ ಊಟದ ಮೇಲೆ 100 ಗ್ರಾಂ ರಾಗಿಹಿಟ್ಟು, 30 ಗ್ರಾಂ ಒಣ ಅವರೆ ಅಥವಾ ತೊಗರಿಬೇಳೆ, ಒಂದು ಲೋಟ ಹಾಲು, ಇಷ್ಟು ಸೇರಿದರೆ ಸಾಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿರುವುದು. ಇದನ್ನು ಒಂದೇ ಹೊತ್ತಿಗೆ ಉಣ್ಣಬೇಕೆಂದಿಲ್ಲ. ಬೆಳಗ್ಗೆ ಅಂಬಲಿ ಅಥವಾ ಹುರಿಹಿಟ್ಟು, ಮಧ್ಯಾಹ್ನ ಮುದ್ದೆಯೊಡನೆ ಬಸ್ಸಾರು ಅಥವಾ ಮಸ್ಸೊಪ್ಪು ಎಂದು ಹಂಚಿಕೊಳ್ಳಬಹುದು. ನುಗ್ಗೆಸೊಪ್ಪು, ದಂಟು ಮುಂತಾದವುಗಳ ಮೇಲೆ ನಿಂಬೆಹುಳಿ ಹಿಂಡಿದರೆ ಅವುಗಳ ಕಬ್ಬಿಣಾಂಶವು ಮೈಗೆ ಚೆನ್ನಾಗಿ ಹತ್ತುವುದು. ಬಾಣಂತಿಗೆ ಸೊಪ್ಪು ತರಕಾರಿಯೂ ನೀರೂ ಆಗದೆಂಬ ಪಥ್ಯಕ್ಕೆ ಆಧಾರವಿಲ್ಲ.

ರಾಗಿಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿಸಾಲು ಹಾಕುವ ಹಿರಿಯರ ಪದ್ಧತಿಯು ಇಲ್ಲಿ ಪ್ರಯೋಜನಕಾರಿ. ಜಮೀನೆಲ್ಲವನ್ನೂ ಪೇಟೆಯ ಬೆಳೆಗೆ ಕೊಟ್ಟವರೂ ಮನೆಯ ಖರ್ಚಿಗೆ ತಕ್ಕಷ್ಟು ನೆಲದಲ್ಲಿ ರಾಗಿ ಅಕ್ಕಡಿಯನ್ನು ಉಳಿಸಿಕೊಳ್ಳುವುದು ಲೇಸು. ಕರೆದ ಹಾಲೆಲ್ಲವನ್ನೂ ಡೈರಿಗೆ ಅಳೆದು ಮನೆಗೆ ಏನೂ ಉಳಿಸದಿರುವುದು ಲಾಭವೆಂದು ಎಣಿಸತಕ್ಕದ್ದಲ್ಲ.

ತೂಕ ಹೆಚ್ಚಿರುವ ತಾಯಿಯ ವಿಷಯ

ಇದಕ್ಕೆ ವಿರುದ್ಧವಾಗಿ, ಬಾಣಂತನದ ತುಪ್ಪ, ಕೊಬ್ಬರಿ, ಸಿಹಿಯುಂಡೆಗಳಿಂದಲೂ ವಿಶ್ರಾಂತಿಯಿಂದಲೂ ಸ್ಥೂಲರಾದವರೂ ಅನುಕೂಲಸ್ಥರ ಮನೆಗಳಲ್ಲಿ ಉಂಟು. ಕೂಸು 6 ತಿಂಗಳು ದಾಟಿ ಉಣ್ಣತೊಡಗಿದ ಮೇಲೆ ಇವರು ತೂಕ ಇಳಿಸಿಕೊಳ್ಳಬಹುದು, ಹಾಲನ್ನು ಬಿಡಿಸಬೇಕಾಗಿಲ್ಲ. ವಾರಕ್ಕೆ ಅರ್ಧ ಕಿಲೋ ಮೀರದಂತೆ, ತಿಂಗಳಿಗೆ ಸುಮಾರು 2 ಕಿಲೋವರೆಗೆ ಇಳಿಸಿದರೆ ಹಾಲಿಗೆ ಬಾಧಕವಿಲ್ಲ. ಇವರ ಮೈಯಲ್ಲಿ ಕೂಡಿಟ್ಟ ಕೊಬ್ಬೇ ಹಾಲಿಗೆ ಬೇಕಾದ ಹೆಚ್ಚಿನ ಶಕ್ತಿಯ ಒಂದು ಪಾಲನ್ನು ಒದಗಿಸುವುದು. ಕಡಿಮೆ ಮಾಡತಕ್ಕವು ತುಪ್ಪ, ಎಣ್ಣೆ, ಸಕ್ಕರೆ, ಬೇಕರಿ ತಿಂಡಿ, ಅನ್ನದ ಎರಡನೆಯ ಸುತ್ತು. ಕಡಿಮೆ ಮಾಡಬಾರದವು ಬೇಳೆಕಾಳು, ಸೊಪ್ಪು, ಹಾಲು. ದಿನಕ್ಕೆ ಅರ್ಧ ಗಂಟೆಯ ನಡಿಗೆಯು ಹಿತಕರ. ಉಪವಾಸವೂ, ತೂಕ ಇಳಿಸುವ ಗುಳಿಗೆ ಕಷಾಯಗಳೂ ಸರ್ವಥಾ ಕೂಡದು.

ತೂಗಿ ನೋಡುವ ಬಗೆ

ಯಾರು ತೂಕ ಹೆಚ್ಚಿಸಬೇಕು, ಯಾರು ಇಳಿಸಬಹುದು ಎಂಬುದನ್ನು ಕಣ್ಣಳತೆಯಿಂದ ನಿರ್ಧರಿಸಲಾಗದು. ಕಿಲೋ ಲೆಕ್ಕದ ತೂಕವನ್ನು ಮೀಟರು ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಬೇಕು. ಬಂದ ಅಂಕಿಯು 18.5ಕ್ಕಿಂತ ಕಡಿಮೆಯಿದ್ದರೆ ಕೃಶವೆಂದೂ, ಭಾರತೀಯರಿಗೆ 23 ಮತ್ತು ಅದಕ್ಕೆ ಮೇಲಿದ್ದರೆ ಹೆಚ್ಚೆಂದೂ ತಿಳಿಯಬೇಕು. 150 ಸೆಂಟಿಮೀಟರು ಎತ್ತರದ ಹೆಂಗಸು ಸುಮಾರು 41.5 ಕಿಲೋಗಿಂತ ಕೆಳಗಿದ್ದರೆ ಆಕೆ ಒಂದು ಕಿಲೋವನ್ನೂ ಕಳೆದುಕೊಳ್ಳುವಂತಿಲ್ಲ. ಸುಮಾರು 52 ಕಿಲೋ ಮೀರಿದ್ದರೆ ಮೇಲೆ ಹೇಳಿದ ಕ್ರಮವನ್ನು ಅನುಸರಿಸಬಹುದು.

ಚೆನ್ನಾಗಿ ಉಂಡರೂ ತೂಕ ಇಳಿಯುತ್ತಿದ್ದರೆ, ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಎದೆಬಡಿತ, ಅತಿ ಬಾಯಾರಿಕೆ ಇವುಗಳಲ್ಲಿ ಯಾವುದಾದರೂ ಇದ್ದರೆ, ಕ್ಷಯ, ಥೈರಾಯಿಡ್ ದೋಷ, ಮಧುಮೇಹಗಳ ಶಂಕೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಡಮಾಡದೆ ಪರೀಕ್ಷೆ ಮಾಡಿಸತಕ್ಕದ್ದು.

ಗ್ರಾಮದ ಮುಖ್ಯಸ್ಥರು ಮಾಡಬಹುದಾದುದು

ಅಂಗನವಾಡಿಯಲ್ಲಿ ಕೂಸನ್ನು ತಿಂಗಳಿಗೊಮ್ಮೆ ತೂಗುವರು. ಅದೇ ದಿನ ತಾಯಿಯನ್ನೂ ತೂಗಿ ಬರೆದಿಡುವ ಏರ್ಪಾಡನ್ನು ಮುಖ್ಯಸ್ಥರು ಊರಿನಲ್ಲಿ ಮಾಡಿಸಬೇಕು. ಕೂಲಿಗೆ ಹೆಂಗಸರನ್ನು ಕರೆಯುವ ಹಿಡುವಳಿದಾರರು, ಹಾಲೂಡಿಸುವವರಿಗೆ ಕೆಲಸಕ್ಕೆ ಮುಂಚೆ ಅಂಬಲಿಯನ್ನೂ, ನಡುವೆ ಕೂಸಿಗೆ ಹಾಲೂಡಿಸಲು ಬಿಡುವನ್ನೂ, ಹೊಲದ ಬದುವಿನಲ್ಲಿ ನೆರಳನ್ನೂ ಕೂಲಿಯನ್ನು ಮುರಿಯದೆ ಒದಗಿಸತಕ್ಕದ್ದು. 2005ರ ಉದ್ಯೋಗ ಖಾತರಿ ಕಾಯಿದೆಯು, ಕೆಲಸದ ಜಾಗದಲ್ಲಿ 6 ವರ್ಷದೊಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕೆಂದು ವಿಧಿಸಿತು. ಸರ್ಕಾರದ ಕೆಲಸಕ್ಕೆ ಯೋಗ್ಯವೆನಿಸಿದ ಈ ಕ್ರಮವು ಸ್ವಂತ ಹೊಲಕ್ಕೂ ಯೋಗ್ಯವೇ.

ಹಸುವಿನ ಹಿಂಡಿಗೆ ಲೆಕ್ಕವಿಡುವ ಮನೆಯಲ್ಲಿ ತಾಯಿಯ ಮುದ್ದೆಗೂ ಲೆಕ್ಕವಿರಲಿ.