ಊರು ಬದಲಿಸುವ ಮುನ್ನ ವಿವೇಕದ ಮೂರು ಹೆಜ್ಜೆ



"ಫಾದರ್, ನಾವು ಬೆಂಗಳೂರು ಬಿಡುತ್ತಿದ್ದೇವೆ. ಕೆಲಸ ಮಾತ್ರ ಇಲ್ಲೇ, ದಿನಾ ಓಡಾಡುತ್ತೇವೆ." ನಗರದ ಧರ್ಮಕೇಂದ್ರಗಳಲ್ಲಿ ಈ ಮಾತು ಈಗ ಹೊಸದಲ್ಲ. ಬಾಡಿಗೆ ಏರುತ್ತಿದೆ. ಮನೆಗೆ ಕೇಳುವ ಅಡ್ವಾನ್ಸ್ ಹೊಂದಿಸಲು ಸಾಲ ಮಾಡಬೇಕಾಗಿದೆ. 2024ರ ಬೇಸಿಗೆಯಲ್ಲಿ ಒಂದು ಟ್ಯಾಂಕರ್ ನೀರಿಗಾಗಿ ಕಾದು ಕುಳಿತವರಿಗೆ ನಗರದ ಮೇಲಿದ್ದ ಮೋಹವೂ ಕರಗಿದೆ. ಹಾಗಾಗಿ ಬಿಡದಿ, ರಾಮನಗರ, ತುಮಕೂರು, ದೊಡ್ಡಬಳ್ಳಾಪುರ, ಮಾಲೂರು, ಹೊಸೂರು ಎಂಬ ಹೆಸರುಗಳು ಊಟದ ಹೊತ್ತಿನ ಮಾತಿಗೆ ಬಂದಿವೆ.

ಇವರೆಲ್ಲ ಕೇಳುವ ಪ್ರಶ್ನೆ ಒಂದೇ: "ಯಾವ ಊರು ಒಳ್ಳೆಯದು?" ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಒಂದು ಕುಟುಂಬಕ್ಕೆ ಒಳ್ಳೆಯದಾದ ಊರು ಇನ್ನೊಂದಕ್ಕೆ ಹೊರೆಯಾಗಬಹುದು. ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಈ ಊರು ನಮ್ಮ ಮನೆಯಲ್ಲಿ ಯಾರಿಂದ ಏನನ್ನು ಕೇಳುತ್ತದೆ?

ಲೋಟನ ಕಣ್ಣು

ಆದಿಕಾಂಡದ 13ನೇ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಒಮ್ಮೆ ಓದಿರಿ. ಅಬ್ರಾಮನಿಗೂ ಅವನ ತಮ್ಮನ ಮಗ ಲೋಟನಿಗೂ ದನಕುರಿಗಳು ಹೆಚ್ಚಾಗಿ, ಇದ್ದ ಜಾಗ ಸಾಲದೆ ಹೋಯಿತು. ಕುರಿಗಾಹಿಗಳ ನಡುವೆ ಜಗಳವೂ ಹುಟ್ಟಿತು. ದೊಡ್ಡಪ್ಪನಾದ ಅಬ್ರಾಮ ಆಯ್ಕೆಯನ್ನು ಹುಡುಗನಿಗೇ ಬಿಟ್ಟ. ಲೋಟ ಕಣ್ಣೆತ್ತಿ ನೋಡಿ, ನೀರು ಸಮೃದ್ಧವಾಗಿದ್ದ ಜೋರ್ಡನ್ ಬಯಲನ್ನು ಆರಿಸಿಕೊಂಡ. ಅಲ್ಲಿಯ ಸೊದೋಮಿನ ಜನ ಎಂಥವರೆಂದು ಅವನು ವಿಚಾರಿಸಿದ ಸುದ್ದಿ ಅಲ್ಲಿಲ್ಲ.

ಗಮನಿಸಿ, ಹಳೆಯ ಜಾಗ ಬಿಟ್ಟದ್ದು ಲೋಟನ ತಪ್ಪಾಗಿರಲಿಲ್ಲ. ಜಾಗ ನಿಜವಾಗಿಯೂ ಸಾಲದಾಗಿತ್ತು. ಆದರೆ ಅವನು ಕಣ್ಣೊಂದನ್ನೇ ನಂಬಿದ. ಲೇಔಟಿನವರು ಭಾನುವಾರ ಮಧ್ಯಾಹ್ನ ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಕಮಾನು, ಉದ್ಯಾನ, ಅಗಲವಾದ ರಸ್ತೆ ತೋರಿಸುವಾಗ ನಮ್ಮಲ್ಲಿ ತೆರೆಯುವುದೂ ಇದೇ ಲೋಟನ ಕಣ್ಣು. ಭಾನುವಾರ ಮಧ್ಯಾಹ್ನ ಎಲ್ಲ ಊರೂ ಹತ್ತಿರವಾಗಿಯೇ ಕಾಣುತ್ತದೆ.

ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದಲ್ಲಿ ಮೂರು ಹೆಜ್ಜೆಗಳನ್ನು ಗುರುತಿಸುತ್ತಾರೆ: ಚೆನ್ನಾಗಿ ವಿಚಾರಿಸುವುದು, ಸರಿಯಾಗಿ ತೀರ್ಮಾನಿಸುವುದು, ತೀರ್ಮಾನಿಸಿದ್ದನ್ನು ಕಾರ್ಯಕ್ಕೆ ತರುವುದು. ಪ್ರಾರ್ಥನೆ ಮಾಡಿದ್ದೇವೆಂದು ವಿಚಾರಣೆಯನ್ನು ಬಿಟ್ಟುಬಿಡುವುದು ವಿಶ್ವಾಸವಲ್ಲ. ದೇವರು ಕೊಟ್ಟ ಬುದ್ಧಿಯನ್ನು ಬಳಸುವುದೂ ಅವರಿಗೆ ಸಲ್ಲಿಸುವ ಗೌರವವೇ. ಈ ಮೂರು ಹೆಜ್ಜೆಗಳನ್ನೇ ಇಲ್ಲಿ ಅನುಸರಿಸೋಣ.

ಮೊದಲ ಹೆಜ್ಜೆ: ವಿಚಾರಿಸುವುದು

1. ಕೆಲಸದ ದಿಕ್ಕು. ಊರನ್ನು ಸೈಟಿನ ಬೆಲೆಯಿಂದಲ್ಲ, ಕೆಲಸ ಇರುವ ದಿಕ್ಕಿನಿಂದ ಹುಡುಕಲು ಆರಂಭಿಸಿ. ವೈಟ್‌ಫೀಲ್ಡ್ ಕಡೆ ದುಡಿಯುವವರಿಗೆ ಮಾಲೂರು, ಬಂಗಾರಪೇಟೆಗಳ ರೈಲು ಮಾರ್ಗ ಅನುಕೂಲ. 2023ರಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೊ ಕೂಡ ಇದೆ. ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರಿಗೆ ನೆಲಮಂಗಲ, ತುಮಕೂರು ಒಂದೇ ದಾರಿ. ಆ ರಸ್ತೆಯಲ್ಲಿ ಮೆಟ್ರೊ 2024ರ ನವೆಂಬರಿನಲ್ಲಿ ಮಾದಾವರ ಮುಟ್ಟಿತು. ಎಲೆಕ್ಟ್ರಾನಿಕ್ ಸಿಟಿಯವರಿಗೆ ಆನೇಕಲ್, ಹೊಸೂರು ಹತ್ತಿರ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಮೆಟ್ರೊ 2025ರ ಆಗಸ್ಟ್‌ನಲ್ಲಿ ಆರಂಭವಾಯಿತು. ಮೈಸೂರು ರಸ್ತೆಯ ಕಡೆ ಕೆಲಸವಿದ್ದರೆ ಬಿಡದಿ, ರಾಮನಗರ, ಚನ್ನಪಟ್ಟಣ. ಆದರೆ ಮೈಸೂರು ರಸ್ತೆಯಲ್ಲಿ ಮನೆ ಮಾಡಿ ವೈಟ್‌ಫೀಲ್ಡಿಗೆ ದುಡಿಯಲು ಹೋಗುವವರು ದಿನಕ್ಕೆ ಎರಡು ಬಾರಿ ಇಡೀ ಬೆಂಗಳೂರನ್ನು ದಾಟಬೇಕು. ಅವರು ನಗರ ಬಿಟ್ಟಂತೆ ಆಗುವುದೇ ಇಲ್ಲ.

ಬೈಕಿನಲ್ಲಿ ಹೋಗುತ್ತೇವೆ ಎನ್ನುವವರು ತಿಳಿದಿರಬೇಕಾದ ಒಂದು ವಿಷಯ: 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಆ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೂ ಆಟೊಗಳಿಗೂ ಪ್ರವೇಶ ನಿಷೇಧಿಸಲಾಯಿತು. ಅವರಿಗೆ ಪಕ್ಕದ ಸರ್ವಿಸ್ ರಸ್ತೆಯೇ ದಾರಿ.

ರೈಲ್ವೆಯ ತಿಂಗಳ ಸೀಸನ್ ಟಿಕೆಟ್ 150 ಕಿಲೋಮೀಟರ್ ದೂರದವರೆಗೆ ಸಿಗುತ್ತದೆ, ಬಸ್ಸಿಗಿಂತ ಬಹಳ ಅಗ್ಗ. ಆದರೆ ಸಾಮಾನ್ಯವಾಗಿ ಅದು ಕಾಯ್ದಿರಿಸದ ಬೋಗಿಗಳಿಗೆ ಮಾತ್ರ. ಕುಳಿತು ಹೋಗುವ ಭರವಸೆಯೇನೂ ಇಲ್ಲ. ಸಂಜೆಯ ರೈಲು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ ಎಂಬುದನ್ನು ಮೊದಲೇ ತಿಳಿಯಿರಿ. ಇನ್ನೊಂದು ಮಾತು. ಬೆಂಗಳೂರು ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. 4 ಮಾರ್ಗ, 148 ಕಿಲೋಮೀಟರ್. ಒಳ್ಳೆಯ ಯೋಜನೆಯೇ. ಆದರೆ ಶಂಕುಸ್ಥಾಪನೆಯ ದಿನಕ್ಕೂ ರೈಲು ಓಡುವ ದಿನಕ್ಕೂ ನಡುವೆ ನಿಮ್ಮ ಮಗು ಬೆಳೆದು ದೊಡ್ಡದಾಗಿರಬಹುದು. ಇಂದು ಓಡುವ ಗಾಡಿಯನ್ನು ನಂಬಿ ಮನೆ ಮಾಡಿ.

2. ಗಂಟೆಗಳ ಲೆಕ್ಕ. ಮನೆಯ ಬಾಗಿಲಿನಿಂದ ಕೆಲಸದ ಬಾಗಿಲಿಗೆ ಎರಡು ಗಂಟೆ ಎಂದಿಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಗಂಟೆ. ತಿಂಗಳಿಗೆ 25 ದಿನದ ಕೆಲಸವೆಂದರೆ 100 ಗಂಟೆ. ವರ್ಷಕ್ಕೆ 1,200 ಗಂಟೆ, ಅಂದರೆ ಹಗಲು ರಾತ್ರಿ ಸೇರಿ ಪೂರ್ತಿ 50 ದಿನ. ಈಗ ಹಣದ ಲೆಕ್ಕ. ಬಾಡಿಗೆಯಲ್ಲಿ ತಿಂಗಳಿಗೆ 10,000 ರೂಪಾಯಿ ಉಳಿಯಿತು. ಪಾಸು, ಆಟೊ, ಹೊರಗಿನ ತಿಂಡಿಗೆ 3,000 ಹೋಯಿತು. ಉಳಿದ 7,000ವನ್ನು 100 ಗಂಟೆಗೆ ಹಂಚಿದರೆ ಗಂಟೆಗೆ 70 ರೂಪಾಯಿ. ಮಗುವಿನೊಡನೆ ಕಳೆಯಬಹುದಾಗಿದ್ದ ಒಂದು ಗಂಟೆಯನ್ನು ನೀವು 70 ರೂಪಾಯಿಗೆ ಕೊಟ್ಟಿದ್ದೀರಿ.

ಇದನ್ನು ಯಾರನ್ನೂ ಹಳಿಯಲು ಹೇಳುತ್ತಿಲ್ಲ. ಬಾಡಿಗೆ ಕೊಟ್ಟ ಮೇಲೆ ಮಕ್ಕಳ ಫೀಸಿಗೆ ಏನೂ ಉಳಿಯದ ಮನೆಯಲ್ಲಿ ಆ 7,000 ರೂಪಾಯಿ ದೊಡ್ಡ ಆಸರೆ. ತಂದೆ ರೈಲಿನಲ್ಲಿ ನಿಂತು ಹೋಗುವ ಆ ಗಂಟೆಗಳು ಪ್ರೀತಿಯ ತ್ಯಾಗವೇ. ನಿಮ್ಮ ಮನೆಯ ಅಂಕಿಗಳನ್ನು ಹಾಕಿ ನೋಡಿ. ಕೊಡುವುದು ಎಷ್ಟೆಂದು ತಿಳಿದು ಕೊಡುವುದು ಬೇರೆ, ತಿಳಿಯದೆ ಕಳೆದುಕೊಳ್ಳುವುದು ಬೇರೆ.

3. ನೀರು ಮತ್ತು ಕಾಗದಪತ್ರ. ನಗರದ ನೀರಿನ ಬರಕ್ಕೆ ಹೆದರಿ ಹೊರಟವರು ಹೊಸ ಊರಿನ ನೀರನ್ನು ಕೇಳದೇ ಹೋಗಬಾರದು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಅಂತರ್ಜಲ ಆಳಕ್ಕಿಳಿದಿದೆ. ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಬೆಳೆಯುವ ಮಕ್ಕಳ ಹಲ್ಲು, ಮೂಳೆಗಳ ಪ್ರಶ್ನೆ ಇದು. ನೀರನ್ನು ಪರೀಕ್ಷೆ ಮಾಡಿಸಿ. ಏಪ್ರಿಲ್ ತಿಂಗಳಲ್ಲಿ ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಪಕ್ಕದ ಮನೆಯ ಅಮ್ಮನನ್ನು ಕೇಳಿ.

ಸೈಟು ಕೊಳ್ಳುವವರು ಭೂಪರಿವರ್ತನೆಯ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ನಕ್ಷೆ, ಉಪನೋಂದಣಿ ಕಚೇರಿಯ ಋಣಭಾರ ಪತ್ರ, ಪಂಚಾಯಿತಿಯದಾದರೆ ಇ-ಸ್ವತ್ತು ದಾಖಲೆ, ಇವನ್ನು ಕೈಗೆ ತೆಗೆದುಕೊಂಡು ವಕೀಲರಿಗೆ ತೋರಿಸಿ. ದೊಡ್ಡ ಲೇಔಟು 2016ರ ರೇರಾ ಕಾಯ್ದೆಯಡಿ ನೋಂದಣಿಯಾಗಿದೆಯೇ ನೋಡಿ. "ಮುಂದೆ ಸಕ್ರಮ ಆಗುತ್ತದೆ" ಎಂಬ ಮಾತಿಗೆ ಹೆಂಡತಿಯ ಒಡವೆ ಅಡವಿಡಬೇಡಿ. ಮಾರುವವರು ನಮ್ಮ ಧರ್ಮಕೇಂದ್ರದವರೇ ಆಗಿದ್ದರೂ ಕಾಗದ ನೋಡದೆ ಮುಂಗಡ ಕೊಡಬೇಡಿ. ಹಾಗೆ ನೋಡುವುದು ಅವಮಾನವಲ್ಲ.

4. ಮಕ್ಕಳ ಓದು. ಶಾಲೆ ಹತ್ತಿರವಿದೆಯೇ ಎಂಬುದಷ್ಟೇ ಸಾಲದು. ಹತ್ತನೇ ತರಗತಿಯ ನಂತರ ಏನು ಎಂದೂ ಕೇಳಿ. ಪಿಯುಸಿಗೆ ಮಗಳು ದಿನಾ ಬೆಂಗಳೂರಿಗೆ ಹೋಗಬೇಕಾದರೆ ಮನೆಯ ಓಡಾಟ ದ್ವಿಗುಣವಾಯಿತು. ಹೊಸೂರು ಹತ್ತಿರವಿದ್ದರೂ ತಮಿಳುನಾಡಿಗೆ ಸೇರಿದ ಊರು. ಅಲ್ಲಿ 2006ರ ಕಾಯ್ದೆಯಂತೆ ಶಾಲೆಯಲ್ಲಿ ತಮಿಳು ಕಲಿಕೆ ಇದೆ. ಕರ್ನಾಟಕದ ಸಿಇಟಿ ಸೀಟುಗಳಿಗೆ ರಾಜ್ಯದಲ್ಲಿ ಏಳು ವರ್ಷ ಓದಿರಬೇಕೆಂಬುದು ಸಾಮಾನ್ಯ ನಿಯಮ. ಚಿಕ್ಕ ಮಕ್ಕಳಿರುವಾಗ ಮಾಡುವ ತೀರ್ಮಾನ ಹತ್ತು ವರ್ಷದ ನಂತರ ಬಾಗಿಲು ತಟ್ಟುತ್ತದೆ.

5. ಧರ್ಮಕೇಂದ್ರ. ತುಮಕೂರು, ಕೋಲಾರ, ರಾಮನಗರ, ಚಿಕ್ಕಬಳ್ಳಾಪುರ ಇವು ಬೆಂಗಳೂರು ಮಹಾಧರ್ಮಕ್ಷೇತ್ರದಲ್ಲೇ ಇವೆ. ಮಂಡ್ಯಕ್ಕೆ ಹೋದರೆ ಮೈಸೂರು ಧರ್ಮಕ್ಷೇತ್ರ; ಹೊಸೂರಿಗೆ ಹೋದರೆ ಧರ್ಮಪುರಿ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ, ನೆಲೆಸುವ ಉದ್ದೇಶದಿಂದ ಹೋಗಿ ವಾಸ ಮಾಡಿದಾಗಲೇ ನೀವು ಆ ಹೊಸ ಧರ್ಮಕೇಂದ್ರದವರಾಗುತ್ತೀರಿ. "ಹಳೆಯ ಚರ್ಚಿನಲ್ಲೇ ಹೆಸರಿದೆ" ಎಂದು ಎರಡೂ ಕಡೆ ಇಲ್ಲದವರಾಗಬೇಡಿ. ಹೋದ ಮೊದಲ ವಾರವೇ ಅಲ್ಲಿಯ ಗುರುಗಳನ್ನು ಕಾಣಿರಿ. ಬಲಿಪೂಜೆ ಯಾವ ಭಾಷೆಯಲ್ಲಿ, ಯಾವ ಹೊತ್ತಿಗೆ, ಮಕ್ಕಳ ಧರ್ಮೋಪದೇಶ ಯಾವಾಗ, ಮನೆಯಿಂದ ಭಾನುವಾರ ಬಸ್ಸಿದೆಯೇ ಎಂದು ಮನೆ ನೋಡಲು ಹೋದ ದಿನವೇ ವಿಚಾರಿಸಿ. ಆರು ದಿನ ರೈಲಿನಲ್ಲಿ ನಿಂತು ಬಂದವನಿಗೆ ಏಳನೆಯ ದಿನ ಎಂಟು ಕಿಲೋಮೀಟರ್ ಕೂಡ ಬಹಳ ದೂರವಾಗುತ್ತದೆ. ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಕರ್ತವ್ಯವನ್ನು ಪೂರೈಸುತ್ತದೆ ಎಂಬುದನ್ನು ನೆನಪಿಡಿ.

ಎರಡನೆಯ ಹೆಜ್ಜೆ: ತೀರ್ಮಾನಿಸುವುದು

ಈಗ ವಿಷಯದ ತಿರುಳಿಗೆ ಬರೋಣ. ಓಡಾಡುವವನ ಕಷ್ಟ ಎಲ್ಲರಿಗೂ ಕಾಣುತ್ತದೆ. ಮನೆಯಲ್ಲಿ ಉಳಿದವರ ಕಷ್ಟ ಕಾಣುವುದಿಲ್ಲ. ಗಂಡ ಬೆಳಿಗ್ಗೆ ಆರಕ್ಕೆ ಹೊರಡಬೇಕಾದರೆ ಹೆಂಡತಿ ನಾಲ್ಕೂವರೆಗೆ ಏಳುತ್ತಾಳೆ. ಹೊಸ ಊರಿನಲ್ಲಿ ಅವಳಿಗೆ ತವರಿನವರಿಲ್ಲ, ಪರಿಚಯದ ಅಂಗಡಿಯವನಿಲ್ಲ, ಮಗುವಿಗೆ ಜ್ವರ ಬಂದರೆ ಕೂಗಿ ಕರೆಯಲು ಯಾರೂ ಇಲ್ಲ. ಅವಳೂ ಕೆಲಸಕ್ಕೆ ಹೋಗುತ್ತಿದ್ದರೆ, ಊರು ಬದಲಿಸಿದ ಮೇಲೆ ಕೆಲಸ ಬಿಡಬೇಕಾಗಿ ಬರುವುದು ಹೆಚ್ಚಾಗಿ ಅವಳೇ. ಆಗ ಬಾಡಿಗೆಯಲ್ಲಿ ಉಳಿದದ್ದು ಅವಳ ಸಂಬಳದಲ್ಲಿ ಹೋಯಿತು. ವಯಸ್ಸಾದ ಅತ್ತೆ ಮಾವ ಜೊತೆಗಿದ್ದರೆ ಅವರ ವೈದ್ಯರು, ಸಂಜೆ ಜಪಸರಕ್ಕೆ ಸೇರುವ ಗೆಳೆಯರು, ಎಲ್ಲವೂ ಹಿಂದೆ ಉಳಿಯುತ್ತಾರೆ. ಆದ್ದರಿಂದ ತೀರ್ಮಾನ ದುಡಿಯುವವನೊಬ್ಬನದಾಗಬಾರದು. ಹೆಚ್ಚು ಬೆಲೆ ತೆರುವವರ ಮಾತಿಗೆ ಹೆಚ್ಚು ತೂಕವಿರಲಿ.

ಕೆ.ಜಿ.ಎಫ್.ನಿಂದ ಕಲಿಯಬೇಕಾದ ಪಾಠವೊಂದಿದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಆ ಊರಿನ ಸಾವಿರಾರು ಜನ ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ಕತ್ತಲಲ್ಲಿ ರೈಲು ಹತ್ತಿ ಹೋಗಿ, ಕತ್ತಲಲ್ಲೇ ಮನೆ ಸೇರುತ್ತಿದ್ದಾರೆ. ಅವರು ಊರು ಬಿಡದಿದ್ದುದಕ್ಕೆ ಬಡತನ ಒಂದು ಕಾರಣ. ಆದರೆ ಅಲ್ಲಿ ಅವರ ತಂದೆತಾಯಿಯರಿದ್ದಾರೆ, ನೆರೆಹೊರೆಯಿದೆ, ಜ್ಞಾನಸ್ನಾನ ಪಡೆದ ಚರ್ಚಿದೆ, ಹಿರಿಯರ ಸಮಾಧಿಗಳಿವೆ. ಅಪ್ಪ ರೈಲಿನಲ್ಲಿರುವಾಗ ಮಗುವನ್ನು ನೋಡಿಕೊಳ್ಳಲು ಇಡೀ ಬೀದಿಯಿದೆ. ಹೊಸ ಲೇಔಟಿಗೆ ಹೋಗುವ ಕುಟುಂಬಕ್ಕೆ ಅದೇ ರೈಲು ಇರುತ್ತದೆ, ಆ ಬೀದಿ ಇರುವುದಿಲ್ಲ. ಎರಡು ಊರುಗಳು ಸಮವಾಗಿ ಕಂಡರೆ, ಸೈಟು ಅಗ್ಗವಿರುವ ಊರಿಗಿಂತ ನಿಮ್ಮವರು ಎನ್ನುವ ಒಂದೆರಡು ಮನೆಗಳಿರುವ ಊರನ್ನು ಆರಿಸಿ.

ಜಗದ್ಗುರು ಎರಡನೆಯ ಜಾನ್ ಪಾಲರು 1981ರಲ್ಲಿ ದುಡಿಮೆಯ ಕುರಿತು ಬರೆದ ವಿಶ್ವಪತ್ರದಲ್ಲಿ ಕೆಲಸವು ಕುಟುಂಬ ಜೀವನಕ್ಕೆ ಆಧಾರವಾಗಬೇಕೆಂದು ಬೋಧಿಸಿದರು. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ಪತ್ರದಲ್ಲಿ ಮನೆಯಿಲ್ಲದವರ ನೋವನ್ನೂ ನಗರ ಸಾರಿಗೆಯ ಬವಣೆಯನ್ನೂ ಒಂದರ ಬೆನ್ನಿಗೆ ಒಂದು ಪ್ರಸ್ತಾಪಿಸಿದರು. ಸ್ವಂತ ಮನೆಯ ಆಸೆ ಲೌಕಿಕ ದುರಾಸೆಯಲ್ಲ, ಅದು ಕುಟುಂಬದ ಘನತೆಗೆ ಸೇರಿದ್ದು. ಆದರೆ ಮನೆ ಇರುವುದು ಕುಟುಂಬಕ್ಕಾಗಿ. ಮನೆಯ ಕಂತು ಕಟ್ಟಲೆಂದೇ ಕುಟುಂಬದವರು ಒಬ್ಬರ ಮುಖ ಒಬ್ಬರು ನೋಡದಂತಾದರೆ ಸಾಧನವೇ ಗುರಿಯಾಯಿತು.

ಮೂರನೆಯ ಹೆಜ್ಜೆ: ಕಾರ್ಯಕ್ಕೆ ತರುವುದು

ಕೊಳ್ಳುವ ಮೊದಲು ಬಾಡಿಗೆಗೆ ಹೋಗಿ. 11 ತಿಂಗಳ ಕರಾರು ಮಾಡಿಕೊಂಡು ಒಂದು ಬೇಸಿಗೆ, ಒಂದು ಮಳೆಗಾಲ ಅಲ್ಲಿ ಕಳೆಯಿರಿ. ಅದಕ್ಕೂ ಮೊದಲು ಒಂದು ವಾರ, ಸೋಮವಾರದಿಂದ ಶನಿವಾರದವರೆಗೆ, ಆ ಊರಿನಲ್ಲಿ ಉಳಿದು ಅಲ್ಲಿಂದಲೇ ಕೆಲಸಕ್ಕೆ ಹೋಗಿ ಬನ್ನಿ. ಒಂದು ದಿನ ಮನೆಯಾಕೆಯೂ ಜೊತೆಗೆ ಬರಲಿ. ಇನ್ನೊಂದು ದಿನ ಸಂಜೆ ಏಳರ ನಂತರ ನಿಲ್ದಾಣದಿಂದ ಮನೆಗೆ ಆ ದಾರಿಯಲ್ಲಿ ಇಬ್ಬರೂ ನಡೆದು ನೋಡಿ. ದೀಪವಿದೆಯೇ? ನಾಳೆ ಮಗಳು ಒಬ್ಬಳೇ ನಡೆಯಬಹುದೇ?

ಹೋದ ಮೇಲೆ ಆ ಊರನ್ನು ಬರೀ ಮಲಗುವ ಊರಾಗಿ ಮಾಡಿಕೊಳ್ಳಬೇಡಿ. ಬಾಬಿಲೋನಿಗೆ ಸೆರೆಯಾಗಿ ಹೋದ ಜನರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರದ ಸಾರ ಇದೇ: ಅಲ್ಲಿ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಒಳಿತಿಗಾಗಿ ಪ್ರಾರ್ಥಿಸಿ. ಊರಿನ ಸಂತೆಯಲ್ಲಿ ತರಕಾರಿ ಕೊಳ್ಳಿ, ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿ, ನೆರೆಯವರ ಮದುವೆಗೂ ಸಾವಿಗೂ ಹೋಗಿ. ಪಟ್ಟಣಗಳ ಚಿಕ್ಕ ಧರ್ಮಕೇಂದ್ರಗಳಿಗೆ ಹಾಡುವವರು, ಮಕ್ಕಳಿಗೆ ಧರ್ಮೋಪದೇಶ ಕಲಿಸುವವರು ಬೇಕು. ನಗರದಲ್ಲಿ ನೀವು ಸಾವಿರದಲ್ಲಿ ಒಬ್ಬರು. ಅಲ್ಲಿ ನಿಮ್ಮ ಹೆಸರು ಹಿಡಿದು ಕರೆಯುತ್ತಾರೆ.

ಎಲ್ಲ ಲೆಕ್ಕವನ್ನೂ ಮಾಡಿ "ಸದ್ಯಕ್ಕೆ ಇಲ್ಲೇ, ಚಿಕ್ಕ ಮನೆಯಲ್ಲೇ ಇರೋಣ" ಎಂಬ ತೀರ್ಮಾನಕ್ಕೆ ಬಂದರೆ ಅದೂ ಸೋಲಲ್ಲ. ಲೋಟನಿಗೆ ಆಯ್ಕೆ ಬಿಟ್ಟುಕೊಟ್ಟು ಗುಡ್ಡಗಾಡಿನ ಕಡೆ ಉಳಿದ ಅಬ್ರಾಮನಿಗೇ ದೇವರ ವಾಗ್ದಾನ ದೊರಕಿತು.

ಕುಟುಂಬದಲ್ಲಿ ಚರ್ಚಿಸಲು

1. ಊರು ಬದಲಿಸಿದರೆ ನಮ್ಮಲ್ಲಿ ಹೆಚ್ಚು ಕಳೆದುಕೊಳ್ಳುವವರು ಯಾರು? ಅವರ ಅಭಿಪ್ರಾಯ ಕೇಳಿದ್ದೇವೆಯೇ?

2. ವಾರದಲ್ಲಿ ಎಷ್ಟು ರಾತ್ರಿ ಎಲ್ಲರೂ ಒಟ್ಟಿಗೆ ಊಟ ಮಾಡಿ ಪ್ರಾರ್ಥಿಸಲು ಸಾಧ್ಯವಾಗುತ್ತದೆ?

3. ಉಳಿಯುವ ಹಣವನ್ನು ಯಾವುದಕ್ಕೆ ಬಳಸುತ್ತೇವೆ? ಅದು ಆ ಗಂಟೆಗಳಿಗೆ ತಕ್ಕ ಬೆಲೆಯೇ?

4. ನಡುರಾತ್ರಿ ಕಷ್ಟ ಬಂದರೆ ಆ ಊರಿನಲ್ಲಿ ಯಾರ ಬಾಗಿಲು ತಟ್ಟುತ್ತೇವೆ?